ಆಸ್ತಿ ಪತ್ರಗಳಲ್ಲಿ ವಂಶದ ಜಾಡು

ನಮ್ಮಲ್ಲಿ ನೋಟರಿ ಎಂದರೆ ಕೋರ್ಟಿನ ಆವರಣದಲ್ಲಿ ಅಫಿಡವಿಟ್ಟಿಗೆ ಸೀಲು ಒತ್ತಿ, ಸಹಿ ಹಾಕಿ ಕೊಡುವ ವಕೀಲರು. ಪತ್ರ ನಮ್ಮ ಕೈಗೇ ವಾಪಸು ಬರುತ್ತದೆ. ಕೆನಡಾದ ಕ್ವಿಬೆಕ್‌ನಲ್ಲಿ ಹಾಗಲ್ಲ. ಅಲ್ಲಿ ಪತ್ರ ಬರೆಯುವವರೂ ನೋಟರಿಯೇ, ಮೂಲಪ್ರತಿಯನ್ನು ಕಾಪಾಡುವವರೂ ಅವರೇ; ಕಕ್ಷಿದಾರರಿಗೆ ಸಿಗುವುದು ನಕಲು. ಈ ಪದ್ಧತಿಯಿಂದಾಗಿ ಮುನ್ನೂರು ವರ್ಷಗಳ ಹಿಂದಿನ ರೈತನ ಮನೆಯಲ್ಲಿ ಎಷ್ಟು ಹಸುಗಳಿದ್ದವು, ಎಷ್ಟು ಸಾಲವಿತ್ತು ಎಂಬುದನ್ನು ಅವನ ವಂಶದವರು ಇವತ್ತೂ ಓದಬಹುದು.

ಪದ್ಧತಿ ಬೆಳೆದದ್ದು ಇಟಲಿಯ ವ್ಯಾಪಾರಿ ನಗರಗಳಲ್ಲಿ. ಜಿನೋವಾದ ಜೊವಾನ್ನಿ ಸ್ಕ್ರೀಬಾ ಎಂಬ ನೋಟರಿ 1154ರಿಂದ 1164ರವರೆಗೆ ಬರೆದ ಪುಸ್ತಕವೇ ಉಳಿದಿರುವ ನೋಟರಿ ದಫ್ತರಗಳಲ್ಲಿ ಅತ್ಯಂತ ಹಳೆಯದು. 1539ರಲ್ಲಿ ಫ್ರಾನ್ಸಿನ ದೊರೆ ಒಂದನೇ ಫ್ರಾನ್ಸಿಸ್, ನೋಟರಿಗಳು ತಾವು ಮಾಡಿದ ಪತ್ರಗಳ ದಾಖಲೆ ಇಡಲೇಬೇಕು, ಪತ್ರಗಳು ಫ್ರೆಂಚ್ ಭಾಷೆಯಲ್ಲೇ ಇರಬೇಕು ಎಂದು ಆಜ್ಞೆ ಹೊರಡಿಸಿದ. ಫ್ರೆಂಚರು ಸಾಗರ ದಾಟಿ ಕ್ವಿಬೆಕ್ ಕಟ್ಟಿದಾಗ ನೋಟರಿಯೂ ಜೊತೆಗೆ ಹೋದ. ಆ ವಸಾಹತಿನಲ್ಲಿ ವಕೀಲರು ವೃತ್ತಿ ನಡೆಸುವಂತಿರಲಿಲ್ಲ. ಹಾಗಾಗಿ ಜಮೀನು, ಸಾಲ, ಮದುವೆ, ಉಯಿಲು, ಎಲ್ಲಕ್ಕೂ ನೋಟರಿಯೇ ಗತಿ.

ಇದಕ್ಕೆ ತಕ್ಕ ಕಾನೂನೂ ಬಂತು. 1664ರಿಂದ ಅಲ್ಲಿ ನಡೆದದ್ದು ಪ್ಯಾರಿಸ್ಸಿನ ಸಂಪ್ರದಾಯ ಕಾನೂನು. ಅದರಂತೆ ಮದುವೆಯಾದ ಮೇಲೆ ಗಳಿಸಿದ್ದರಲ್ಲಿ ಗಂಡ ಹೆಂಡತಿಗೆ ಸಮಪಾಲು. ಒಬ್ಬರು ತೀರಿಕೊಂಡರೆ ಪಾಲು ಮಾಡುವ ಮೊದಲು ಮನೆಯಲ್ಲಿರುವುದನ್ನೆಲ್ಲ ಪಟ್ಟಿ ಮಾಡಬೇಕು. ನೋಟರಿ ಮನೆಗೇ ಬಂದು ಮಡಕೆ, ಹಾಸಿಗೆ, ಕೊಡಲಿ, ದನಕರು, ಕೊಡಬೇಕಾದ ಸಾಲ, ಬರಬೇಕಾದ ಬಾಕಿ ಎಲ್ಲವನ್ನೂ ಬೆಲೆಸಹಿತ ಬರೆಯುತ್ತಿದ್ದ. ಕೊನೆಯಲ್ಲಿ ಮನೆಯ ಕಾಗದಪತ್ರಗಳ ಪಟ್ಟಿ: ಯಾವ ಪತ್ರ, ಯಾವ ತಾರೀಖು, ಬರೆದ ನೋಟರಿ ಯಾರು. ವಂಶ ಹುಡುಕುವವರಿಗೆ ಈ ಭಾಗವೇ ಬಂಗಾರ. ಒಂದು ಪತ್ರ ಹಿಂದಿನ ಪತ್ರಕ್ಕೆ, ಅದು ಇನ್ನೂ ಹಿಂದಿನದಕ್ಕೆ ದಾರಿ ತೋರಿಸುತ್ತದೆ.

ಮದುವೆಯ ಕರಾರೂ ಅಷ್ಟೇ. ಚರ್ಚಿನ ಪುಸ್ತಕ ಮದುವೆಯ ದಿನವನ್ನು ಹೇಳಿದರೆ, ಕರಾರು ಆ ಹೊತ್ತಿಗೆ ಕೂಡಿದ್ದ ಬಂಧುಗಳ ಹೆಸರನ್ನೂ ಅವರ ಸಂಬಂಧವನ್ನೂ ಹೇಳುತ್ತದೆ. 1663ರಿಂದ 1673ರ ನಡುವೆ ದೊರೆಯ ಖರ್ಚಿನಲ್ಲಿ ಫ್ರಾನ್ಸಿನಿಂದ ಬಂದಿಳಿದ ಸುಮಾರು 800 ಹೆಣ್ಣುಮಕ್ಕಳಲ್ಲಿ ಕೆಲವರು ಒಬ್ಬನ ಜೊತೆ ಕರಾರು ಮಾಡಿಕೊಂಡು, ಮನಸ್ಸು ಬದಲಾಗಿ ಅದನ್ನು ರದ್ದುಪಡಿಸಿ, ಇನ್ನೊಬ್ಬನನ್ನು ಮದುವೆಯಾದದ್ದುಂಟು. ಚರ್ಚಿನ ಪುಸ್ತಕದಲ್ಲಿ ಆ ಮೊದಲನೆಯವನ ಸುಳಿವೇ ಇಲ್ಲ. ಪತ್ರಗಳಲ್ಲಿ ಹೆಂಗಸರು ಗಂಡನ ಮನೆತನದ ಹೆಸರಿಗೆ ಬದಲಾಗದೆ ತವರಿನ ಹೆಸರಿನಲ್ಲೇ ಉಳಿದದ್ದರಿಂದ ತಾಯಿಯ ಕಡೆಯ ಎಳೆಯೂ ತಪ್ಪುವುದಿಲ್ಲ.

ಬ್ರಿಟಿಷರು ಗೆದ್ದ ಮೇಲೂ ಈ ಪದ್ಧತಿ ಅಳಿಯಲಿಲ್ಲ. 1774ರ ಕ್ವಿಬೆಕ್ ಕಾಯ್ದೆ ಆಸ್ತಿ ವ್ಯವಹಾರಗಳಿಗೆ ಫ್ರೆಂಚ್ ಕಾನೂನನ್ನೇ ಉಳಿಸಿತು. ಹಳೆಯ ನೋಟರಿಗಳ ಕಡತಗಳು ಇಂದು ಪ್ರಾಂತ್ಯದ ಪತ್ರಾಗಾರದಲ್ಲಿವೆ. ಅಂತರ್ಜಾಲದಲ್ಲೂ ಬಹಳಷ್ಟು ಸಿಗುತ್ತವೆ. ಆದರೆ ಕಡತಗಳನ್ನು ಜೋಡಿಸಿರುವುದು ನೋಟರಿಯ ಹೆಸರಿನಲ್ಲಿ. ಅಜ್ಜನ ಊರಲ್ಲಿ ಆ ಕಾಲಕ್ಕೆ ಯಾವ ನೋಟರಿ ಇದ್ದ ಎಂದು ಮೊದಲು ತಿಳಿಯಬೇಕು. ಆಮೇಲೆ ಆತನ ತಾರೀಖುವಾರು ಪಟ್ಟಿ, ಅದರ ನಂತರ ಮೂಲಪತ್ರ.

ನೋಟರಿ ಬರೆದದ್ದು ಆಸ್ತಿಗಾಗಿ, ವಂಶಕ್ಕಾಗಿ ಅಲ್ಲ. ಅದರ ಕಹಿಯೂ ಈ ಕಡತಗಳಲ್ಲಿದೆ. ಇತಿಹಾಸಕಾರ ಮಾರ್ಸೆಲ್ ಟ್ರುಡೆಲ್ ಫ್ರೆಂಚ್ ಕೆನಡಾದ ದಾಖಲೆಗಳನ್ನು ಜಾಲಾಡಿ ಸುಮಾರು 4,200 ಗುಲಾಮರನ್ನು ಗುರುತಿಸಿದರು; ಅವರಲ್ಲಿ ಹೆಚ್ಚಿನವರು ಮೂಲನಿವಾಸಿಗಳು, ಉಳಿದವರು ಆಫ್ರಿಕಾ ಮೂಲದವರು. ನೋಟರಿಯ ಪತ್ರದಲ್ಲಿ ಅವರಿಗೆ ಸಿಕ್ಕ ಜಾಗ ಕ್ರಯಪತ್ರದ ಸರಕಿನದು ಅಥವಾ ಮನೆಯ ಪಟ್ಟಿಯಲ್ಲಿ ಬೆಲೆ ಕಟ್ಟಿದ ಒಂದು ಸಾಲಿನದು. ಅಂಥವರ ವಂಶ ಹುಡುಕಹೊರಟವರು ಇಂದಿಗೂ ಮೊದಲು ಹುಡುಕಬೇಕಾದದ್ದು ಅವರನ್ನು ಕೊಂಡವನ ಹೆಸರನ್ನು.