ಎಸ್‌ಎಸ್ ಸಿಗ್ನಿಯ ಕಾವಲುಗಾರರು

ರಾಜಹಂಸ ನಕ್ಷತ್ರಪುಂಜದ ಎಸ್‌ಎಸ್ ಸಿಗ್ನಿ ತೆಪ್ಪಗಿದ್ದಾಗ ಅದರ ಕಾಂತಿಮಾನ 12 (ಈ ಅಂಕಿ ಹೆಚ್ಚಿದಷ್ಟೂ ತಾರೆ ಮಂಕು). ಬರಿಗಣ್ಣಿಗೆ ಎಟುಕುವ ಮಾತೇ ಇಲ್ಲ. ಆದರೆ ನಾಲ್ಕರಿಂದ ಹತ್ತು ವಾರಕ್ಕೊಮ್ಮೆ ಅದು ಇದ್ದಕ್ಕಿದ್ದಂತೆ ಸುಮಾರು 40 ಪಟ್ಟು ಬೆಳಗುತ್ತದೆ. ವಾರವೋ ಎರಡು ವಾರವೋ ಉರಿದು ಮತ್ತೆ ಮಂಕಾಗುತ್ತದೆ. 1896ರಲ್ಲಿ ಹಾರ್ವರ್ಡ್ ವೀಕ್ಷಣಾಲಯದ ಲೂಯಿಸಾ ವೆಲ್ಸ್ ಇದನ್ನು ಪತ್ತೆ ಮಾಡಿದರು. ಅಂದಿನಿಂದ ಅದರ ಮೇಲಿನ ಕಾವಲು ನಿಂತಿಲ್ಲ.

ದುರ್ಬೀನಿಗೆ ಒಂದಾಗಿ ಕಂಡರೂ ಅಲ್ಲಿರುವುದು ಎರಡು ನಕ್ಷತ್ರಗಳು. ಒಂದು, ಭೂಮಿಯಷ್ಟು ಗಾತ್ರದಲ್ಲಿ ಹೆಚ್ಚುಕಡಿಮೆ ಸೂರ್ಯನಷ್ಟು ದ್ರವ್ಯ ತುಂಬಿಕೊಂಡ ಶ್ವೇತಕುಬ್ಜ. ಇನ್ನೊಂದು, ಸೂರ್ಯನಿಗಿಂತ ತಣ್ಣನೆಯ ಸಂಗಾತಿ. ಆರೂವರೆ ಗಂಟೆಗೊಮ್ಮೆ ಇವು ಪರಸ್ಪರ ಸುತ್ತು ಮುಗಿಸುತ್ತವೆ. ಸಂಗಾತಿಯಿಂದ ಸೆಳೆದ ಅನಿಲ ಶ್ವೇತಕುಬ್ಜದ ಸುತ್ತ ತಟ್ಟೆಯಾಗಿ ಶೇಖರವಾಗುತ್ತದೆ. ಬಿಸಿ ಏರಿ ಹೈಡ್ರೋಜನ್ ಪರಮಾಣುಗಳು ಎಲೆಕ್ಟ್ರಾನ್ ಕಳಚಿಕೊಳ್ಳತೊಡಗಿದಾಗ ತಟ್ಟೆಯೊಳಗಿನ ತಿಕ್ಕಾಟ ಹೆಚ್ಚಿ, ಕೂಡಿದ ಅನಿಲ ಒಳಕ್ಕೆ ನುಗ್ಗುತ್ತದೆ. ನಮಗೆ ಕಾಣುವ ಬೆಳಕು ಅದರದು. ತಟ್ಟೆಯ ಈ ಅಸ್ಥಿರತೆಯೇ ಕಾರಣವೆಂದು 1974ರಲ್ಲಿ ಮುಂದಿಟ್ಟವರು ಜಪಾನಿನ ಯೋಜಿ ಒಸಾಕಿ.

ಈ ವಿವರಣೆಗೆ ದೊಡ್ಡ ಪೆಟ್ಟು ಕೊಟ್ಟದ್ದು ಹಬಲ್ ದೂರದರ್ಶಕ. ಅದರ ಅಳತೆಯಲ್ಲಿ ಎಸ್‌ಎಸ್ ಸಿಗ್ನಿಯ ದೂರ 500 ಜ್ಯೋತಿರ್ವರ್ಷ ಮೀರಿತ್ತು. ಅಷ್ಟು ದೂರದಲ್ಲಿದ್ದೂ ಇಷ್ಟು ಪ್ರಕಾಶವಾಗಿ ಕಾಣಬೇಕಾದರೆ ಅನಿಲ ಧಾರಾಳವಾಗಿ ಹರಿದು ತಟ್ಟೆ ಸದಾ ಬಿಸಿಯಾಗಿಯೇ ಇರಬೇಕು. ಆಗ ಸ್ಫೋಟಕ್ಕೆ ಆಸ್ಪದವೇ ಇಲ್ಲ.

ತಗಾದೆ ತೀರಿದ್ದು ರೇಡಿಯೊ ದೂರದರ್ಶಕಗಳಿಂದ. ಈ ಜೋಡಿ ರೇಡಿಯೊ ಅಲೆಗಳಲ್ಲಿ ಚೆನ್ನಾಗಿ ಕಾಣುವುದು ಸ್ಫೋಟದ ಹೊತ್ತಿನಲ್ಲಷ್ಟೇ. ಅದು ಯಾವಾಗ? ಹೇಳಿದವರು ಅಮೆರಿಕದ ಎಎವಿಎಸ್‌ಒ ಸಂಘಕ್ಕೆ ವರದಿ ಕಳಿಸುವ ಹವ್ಯಾಸಿಗಳು. ಅವರ ಪದ್ಧತಿ ಸರಳ: ಗುರಿಯ ಅಕ್ಕಪಕ್ಕ 8.5 ಮತ್ತು 9.0 ಕಾಂತಿಮಾನದ ತಾರೆಗಳಿದ್ದರೆ, ಇದು ಮೊದಲನೆಯದಕ್ಕಿಂತ ಎಷ್ಟು ಮಂಕು, ಎರಡನೆಯದಕ್ಕಿಂತ ಎಷ್ಟು ಪ್ರಕಾಶ ಎಂದು ಕಣ್ಣಳತೆಯಲ್ಲೇ ತೂಗಿ ಅಂಕಿ, ಸಮಯ ಬರೆಯುವುದು. ಅವರ ಸುಳಿವು ಹಿಡಿದು ಅಳೆದಾಗ ಸಿಕ್ಕ ದೂರ ಸುಮಾರು 370 ಜ್ಯೋತಿರ್ವರ್ಷ. 2013ರಲ್ಲಿ ಫಲಿತಾಂಶ ಪ್ರಕಟವಾಯಿತು, ಸಿದ್ಧಾಂತ ಉಳಿಯಿತು. ಮುಂದೆ ಗಾಯಾ ಉಪಗ್ರಹವೂ ಈ ದೂರವನ್ನೇ ದೃಢಪಡಿಸಿತು.

ಹವ್ಯಾಸಿ ವೀಕ್ಷಕರ ಈ ಪರಂಪರೆಯಲ್ಲಿ ನಮ್ಮವರೊಬ್ಬರ ಹೆಸರು ಹೇಳಲೇಬೇಕು. ಅವಿಭಜಿತ ಬಂಗಾಳದ ಜೆಸ್ಸೋರ್ ಖಜಾನೆಯ ನೌಕರ ರಾಧಾಗೋವಿಂದ ಚಂದ್ರ 1918ರಲ್ಲಿ ಗರುಡ ಪುಂಜದ ನೋವಾವನ್ನು ಸ್ವತಂತ್ರವಾಗಿ ಗುರುತಿಸಿದವರು. ಅದೂ ಶ್ವೇತಕುಬ್ಜವುಳ್ಳ ಜೋಡಿಯೇ. ಅವರು ಸಂಘಕ್ಕೆ ಕಳಿಸಿದ ವೀಕ್ಷಣೆಗಳು 37,000ಕ್ಕೂ ಹೆಚ್ಚು! ಎಎವಿಎಸ್‌ಒ ಅವರಿಗೆಂದು ಕಳಿಸಿದ ಆರು ಇಂಚಿನ ದೂರದರ್ಶಕ ಮುಂದೆ ಖಗೋಳವಿಜ್ಞಾನಿ ವೇಣು ಬಾಪು ಅವರ ಕೈಸೇರಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಡೆಸುವ ಕಾವಲೂರು ವೀಕ್ಷಣಾಲಯಕ್ಕೆ ಬಂತು.

2021ರಲ್ಲಿ ಎಸ್‌ಎಸ್ ಸಿಗ್ನಿ ವರಸೆ ಬದಲಿಸಿ, ಪೂರ್ತಿ ಮಂಕಾಗದೆ ನಡುವಿನ ಕಾಂತಿಯಲ್ಲೇ ಸಣ್ಣಗೆ ಏರಿಳಿಯತೊಡಗಿತ್ತು. ಅದನ್ನೂ ಹವ್ಯಾಸಿಗಳು ರಾತ್ರಿರಾತ್ರಿ ದಾಖಲಿಸಿದ್ದಾರೆ. ಅಕ್ಟೋಬರ್ ಸಂಜೆ ಕರ್ನಾಟಕದ ಉತ್ತರ ಆಕಾಶದಲ್ಲಿ ಅದು ಸಾಕಷ್ಟು ಮೇಲೇರಿರುತ್ತದೆ. ಸ್ಫೋಟದ ದಿನಗಳಲ್ಲಿ, ಕತ್ತಲಿರುವ ಕಡೆ, ಒಳ್ಳೆಯ ಬೈನಾಕ್ಯುಲರ್ ಸಾಕು.