ಬ್ರಿಗೇಡ್ ರಸ್ತೆಯ ಅಡ್ಡಬೀದಿಯಲ್ಲಿ ಮೂರು ತಲೆಮಾರು

ಮಂಡಿಕಲ್ ಹೋಬಳಿಯ ಯಾವುದೋ ಊರಿನ ಗುಡಿಯ ಮುಂದಿರುವ ಕಲ್ಲಿನಲ್ಲಿ ಏನು ಬರೆದಿದೆ ಎಂದು ತಿಳಿಯಬೇಕೆಂದುಕೊಳ್ಳಿ. ಮೊದಲು ಹುಡುಕಬೇಕಾದದ್ದು ಬಿ.ಎಲ್. ರೈಸ್ 1905ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೇ ಸಂಪುಟವನ್ನು. ಅದು ಕೋಲಾರ ಜಿಲ್ಲೆಯ ಶಾಸನಗಳ ಸಂಪುಟ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳೆಲ್ಲ ಆಗ ಕೋಲಾರಕ್ಕೇ ಸೇರಿದ್ದವು. ನಮ್ಮ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. 1968ರ ಕೋಲಾರ ಜಿಲ್ಲಾ ಗೆಜೆಟಿಯರ್ ಬೇಕೆಂದರೂ ಇದೇ ಕಥೆ. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು 1920ರಲ್ಲಿ ಬರೆದ ‘ರೀಕನ್‌ಸ್ಟ್ರಕ್ಟಿಂಗ್ ಇಂಡಿಯಾ’ದ ಮೊದಲ ಮುದ್ರಣ ಹೊಸ ಪುಸ್ತಕದ ಅಂಗಡಿಯಲ್ಲಿ ಸಿಗುವಂಥದಲ್ಲ. ಇಂಥವನ್ನು ಹುಡುಕಿ ಹೊರಟವರು ಕೊನೆಗೆ ಬೆಂಗಳೂರಿನ ಹಳೆ ಪುಸ್ತಕದಂಗಡಿಗಳ ಬಾಗಿಲು ತಟ್ಟುತ್ತಾರೆ.

ಅಂಥ ಅಂಗಡಿಗಳಲ್ಲಿ ಹಿರಿಯದೆನ್ನಬಹುದಾದದ್ದು ಸೆಲೆಕ್ಟ್ ಬುಕ್‌ಶಾಪ್. ವಕೀಲಿಕೆ ಓದಿದ್ದ ಕೆ.ಬಿ.ಕೆ. ರಾವ್ 1945ರಲ್ಲಿ ಮ್ಯೂಸಿಯಂ ರಸ್ತೆಯಲ್ಲಿ ಇದನ್ನು ಆರಂಭಿಸಿದರು. ಯುದ್ಧ ಮುಗಿದ ವರ್ಷ ಅದು. ಕಂಟೋನ್ಮೆಂಟಿನಲ್ಲಿ ಇಂಗ್ಲಿಷ್ ಪುಸ್ತಕ ಓದುವವರಿಗೆ ಕೊರತೆಯಿರಲಿಲ್ಲ. ಕೆಲವೇ ವರ್ಷಗಳಲ್ಲಿ ಗಂಟುಮೂಟೆ ಕಟ್ಟಿ ಹೊರಡಲಿದ್ದ ಕುಟುಂಬಗಳೂ ಅಲ್ಲಿದ್ದವು. ಹಳೆ ಪುಸ್ತಕದ ವ್ಯಾಪಾರಕ್ಕೆ ಓದುವವರೂ ಬೇಕು, ಊರು ಬಿಡುವವರೂ ಬೇಕು.

ರಾಯರ ಮಗ ಕೆ.ಕೆ.ಎಸ್. ಮೂರ್ತಿ ವಿಮಾನ ಎಂಜಿನಿಯರ್. ಅವರು ಆ ವೃತ್ತಿ ಬಿಟ್ಟು ತಂದೆಯ ಕಪಾಟುಗಳ ನಡುವೆ ಬಂದು ನಿಂತರು. ಈ ಲೇಖನದ ಮಟ್ಟಿಗೆ ಅಂಗಡಿಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಘಟನೆಯಿಲ್ಲ. ಸ್ಥಳ ಬದಲಾಯಿಸುತ್ತ ಬಂದ ಅಂಗಡಿ ಬ್ರಿಗೇಡ್ ರಸ್ತೆಯ ಅಡ್ಡಬೀದಿಯಲ್ಲಿ ನೆಲೆನಿಂತದ್ದು ಅವರ ಕಾಲದಲ್ಲಿ. ರಸ್ಕಿನ್ ಬಾಂಡ್, ರಾಮಚಂದ್ರ ಗುಹಾ ಅವರಂಥ ಲೇಖಕರು ಈ ಅಂಗಡಿಯನ್ನು ಮೆಚ್ಚಿ ಬಂದುಹೋದವರು. ಮುಂದೆ ಮೂರನೇ ತಲೆಮಾರೂ ಕೈಜೋಡಿಸಿತು.

ಹೊಸ ಪುಸ್ತಕ ಮಾರುವವನಿಗೆ ಪ್ರಕಾಶಕರ ಪಟ್ಟಿಯಿದೆ, ಮುದ್ರಿತ ಬೆಲೆಯಿದೆ, ಉಳಿದದ್ದನ್ನು ಹಿಂತಿರುಗಿಸುವ ದಾರಿಯೂ ಇದೆ. ಹಳೆ ಪುಸ್ತಕದವನಿಗೆ ಇವು ಯಾವುವೂ ಇಲ್ಲ. ನಿವೃತ್ತ ಮೇಷ್ಟರೊಬ್ಬರ ಮನೆ ಖಾಲಿಯಾಗುವಾಗ, ಹಿರಿಯರು ತೀರಿಕೊಂಡು ಮಕ್ಕಳು ಫ್ಲಾಟಿಗೆ ಹೋಗುವಾಗ ಕರೆ ಬರುತ್ತದೆ. ಧೂಳು ಹಿಡಿದ ರಾಶಿಯ ಮುಂದೆ ಕೂತು, ಯಾವುದು ತೂಕಕ್ಕೆ ಹೋಗತಕ್ಕದ್ದು, ಯಾವುದನ್ನು ಹತ್ತು ವರ್ಷವಾದರೂ ಕಾದಿಡಬೇಕು ಎಂದು ಅಲ್ಲೇ ತೀರ್ಮಾನಿಸಬೇಕು. ಮೊದಲ ಮುದ್ರಣವೇ, ನಕ್ಷೆಯ ಹಾಳೆ ಕಿತ್ತುಹೋಗಿದೆಯೇ, ಗೆದ್ದಲು ಎಷ್ಟು ಒಳಗೆ ಹೋಗಿದೆ, ಲೇಖಕರ ಸಹಿ ಇದೆಯೇ ಎಂದು ನೋಡಬೇಕು. ಆಮೇಲೆ ಒಳಪುಟದ ಮೂಲೆಯಲ್ಲಿ ಪೆನ್ಸಿಲಿನಿಂದ ಬೆಲೆ ಬರೆಯಬೇಕು. ಆ ಬೆಲೆಯ ಹಿಂದಿರುವುದು ವರ್ಷಗಟ್ಟಲೆ ಪುಸ್ತಕ ಮುಟ್ಟಿದ ಕೈಯ ಅನುಭವ. ಯಾವ ಗಿರಾಕಿ ಯಾವ ಪುಸ್ತಕಕ್ಕಾಗಿ ಎಷ್ಟು ವರ್ಷದಿಂದ ಕಾಯುತ್ತಿದ್ದಾನೆ ಎಂಬುದೂ ಮಾರುವವನ ತಲೆಯಲ್ಲೇ ಇರುತ್ತದೆ. ಇದನ್ನು ಸಂಬಳಕ್ಕೆ ಬಂದು ಹೋಗುವವರಿಗೆ ಕಲಿಸುವುದು ಕಷ್ಟ. ಮಕ್ಕಳು ಅಂಗಡಿಯಲ್ಲೇ ಬೆಳೆದರೆ ಕೇಳಿ, ನೋಡಿ ಕಲಿಯುತ್ತಾರೆ. ಹಳೆ ಪುಸ್ತಕದ ವ್ಯಾಪಾರ ಲೋಕದ ಹಲವು ಕಡೆ ಮನೆತನದ ಕಸುಬಾಗಿ ಉಳಿದಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ನ್ಯೂಯಾರ್ಕಿನ ಸ್ಟ್ರಾಂಡ್ ಅಂಗಡಿಯನ್ನು ನೋಡಿ. ಬೆಂಜಮಿನ್ ಬಾಸ್ ಅದನ್ನು ತೆರೆದದ್ದು 1927ರಲ್ಲಿ. ಆಗ ಅಲ್ಲಿನ ಫೋರ್ತ್ ಅವೆನ್ಯೂದಲ್ಲಿ ಹಳೆ ಪುಸ್ತಕದಂಗಡಿಗಳ ದೊಡ್ಡ ಸಾಲೇ ಇತ್ತು. ಸಾಲು ಅಳಿಯಿತು, ಸ್ಟ್ರಾಂಡ್ ಉಳಿಯಿತು. ಹದಿಮೂರನೇ ವಯಸ್ಸಿಗೇ ಅಂಗಡಿಗೆ ಬಂದ ಮಗ ಫ್ರೆಡ್ ಬಾಸ್ 1996ರಲ್ಲಿ ಕಟ್ಟಡವನ್ನೇ ಕೊಂಡುಬಿಟ್ಟರು. ಈಗ ಮೊಮ್ಮಗಳ ಕಾಲ.

ಮನೆತನವಿದ್ದರೂ ಅಂಗಡಿ ಉಳಿದೇ ಉಳಿಯುತ್ತದೆ ಎನ್ನುವಂತಿಲ್ಲ. ಟಿ.ಎನ್. ಶಾನಭಾಗರು 1948ರಲ್ಲಿ ಮುಂಬೈಯಲ್ಲಿ ಕಟ್ಟಿದ ಸ್ಟ್ರಾಂಡ್ ಬುಕ್ ಸ್ಟಾಲ್ 2018ರಲ್ಲಿ ಮುಚ್ಚಿತು. ಅವರ ಬಂಧು ಟಿ.ಎಸ್. ಶಾನಭಾಗರು ಬೆಂಗಳೂರಿನಲ್ಲಿ ನಡೆಸುತ್ತಿದ್ದ ಪ್ರೀಮಿಯರ್ 2009ರಲ್ಲೇ ಬಾಗಿಲು ಹಾಕಿತ್ತು. 2021ರ ಕೋವಿಡ್ ಅವರನ್ನೂ ಕರೆದೊಯ್ದಿತು. ಅವು ಹೊಸ ಪುಸ್ತಕದ ಅಂಗಡಿಗಳು, ನಿಜ. ಆದರೆ ನಗರದ ನಡುಮಧ್ಯದ ಬಾಡಿಗೆ ಹಳತು ಹೊಸತೆಂದು ನೋಡುವುದಿಲ್ಲ.

ಇತ್ತ ಚರ್ಚ್ ಸ್ಟ್ರೀಟ್ ಹೊಸ ಭರವಸೆ ಕೊಟ್ಟಿದೆ. ಎಂಜಿನಿಯರಿಂಗ್ ಓದಿದ ಮಾಯಿಗೌಡರು ಫುಟ್‌ಪಾತಿನಲ್ಲಿ ಹಳೆ ಪುಸ್ತಕ ಮಾರುತ್ತ ಬೆಳೆದು, ಈ ಶತಮಾನದ ಆರಂಭದಲ್ಲಿ ಬ್ಲಾಸಮ್ ತೆರೆದರು. ಕೃಷ್ಣಗೌಡರ ಬುಕ್‌ವರ್ಮ್ ಕೂಡ ಅಲ್ಲೇ ಇದೆ. ಹಳ್ಳಿಯಿಂದ ಬಂದ ವಿದ್ಯಾರ್ಥಿಗಳಿಗೆ ಅವೆನ್ಯೂ ರಸ್ತೆ ಇಂದಿಗೂ ಅರ್ಧ ಬೆಲೆಯ ಪಠ್ಯಪುಸ್ತಕದ ಬೀದಿ.

ಶಾಸನ ಸಂಪುಟ, ಗೆಜೆಟಿಯರುಗಳೆಲ್ಲ ಈಗ ಸ್ಕ್ಯಾನ್ ಆಗಿ ಮೊಬೈಲಿಗೇ ಬಂದಿವೆಯಲ್ಲ ಎನ್ನಬಹುದು. ಬಂದಿರುವುದು ದೊಡ್ಡ ಉಪಕಾರವೇ. ಆದರೆ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ, ಸಹಕಾರ ಸಂಘದ ವರದಿ, ಪಟ್ಟಣದ ಸಣ್ಣ ಮುದ್ರಣಾಲಯದಲ್ಲಿ ಅಚ್ಚಾದ ಭಜನೆ ಪುಸ್ತಕ, ಊರ ನಾಟಕದ ಕರಪತ್ರ — ಇವನ್ನು ಸ್ಕ್ಯಾನ್ ಮಾಡುವವರು ಸಿಗುವುದು ಅಪರೂಪ. ಅವು ಇರುವುದು ನಮ್ಮ ಮನೆಗಳ ಅಟ್ಟದ ಮೇಲೆ, ಹೋಗುವುದು ರದ್ದಿಯವನ ತಕ್ಕಡಿಗೆ. ಈ ಸಲ ಮನೆಗೆ ಸುಣ್ಣ ಬಳಿಯುವ ಮುನ್ನ ಆ ಕಟ್ಟುಗಳನ್ನು ಒಮ್ಮೆ ಬಿಚ್ಚಿ ನೋಡಿ. ನಿಮಗೆ ಬೇಡವಾದರೆ ಹಳೆ ಪುಸ್ತಕದವರಿಗೆ ತೋರಿಸಿ. ಅವರೂ ಒಲ್ಲೆನೆಂದರೆ ಊರ ಗ್ರಂಥಾಲಯಕ್ಕೋ ಹತ್ತಿರದ ಕಾಲೇಜಿನ ಇತಿಹಾಸ ಮೇಷ್ಟರಿಗೋ ಕೊಡಿ. ತೂಕಕ್ಕೆ ಮಾತ್ರ ಹಾಕಬೇಡಿ.