ನಿದ್ದೆ ಕದಿಯುವ ಕ್ಯಾನ್ಸರ್

ನಿದ್ದೆ ಬರದೆ ಒದ್ದಾಡುವವರಿಗೆ ಇನ್ನೊಂದು ಭಯವೂ ಅಂಟಿಕೊಳ್ಳುವುದುಂಟು: ಹೀಗೇ ನಿದ್ದೆಗೆಟ್ಟರೆ ಕ್ಯಾನ್ಸರ್ ಬಂದೀತೇ? ಪೂರ್ತಿ ಬುಡವಿಲ್ಲದ ಭಯವೇನಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2007ರಲ್ಲಿ, ದೇಹದ ಗಡಿಯಾರವನ್ನು ಕೆಡಿಸುವ ಪಾಳಿ ಕೆಲಸವನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಪಟ್ಟಿಗೆ ಸೇರಿಸಿತು. 2019ರಲ್ಲಿ ಮರುಪರಿಶೀಲಿಸಿ ರಾತ್ರಿ ಪಾಳಿಯನ್ನು ಅಲ್ಲೇ ಉಳಿಸಿತು. ಬ್ರಿಟನ್ನಿನ 'ಮಿಲಿಯನ್ ವಿಮೆನ್ ಸ್ಟಡಿ'ಗೆ ಮಾತ್ರ 2016ರಲ್ಲಿ ರಾತ್ರಿ ಪಾಳಿಗೂ ಸ್ತನ ಕ್ಯಾನ್ಸರಿಗೂ ನಂಟು ಕಾಣಲಿಲ್ಲ. ಅದಿರಲಿ, ರಾತ್ರಿಯಿಡೀ ದೀಪದಡಿ ದುಡಿಯುವುದು ಬೇರೆ, ಕತ್ತಲಲ್ಲಿ ಮಗ್ಗುಲು ಬದಲಿಸುತ್ತ ಮಲಗಿರುವುದು ಬೇರೆ. ನಿದ್ರಾಹೀನತೆಯೇ ಕ್ಯಾನ್ಸರ್ ತರುತ್ತದೆಂಬುದು ಸಾಬೀತಾಗಿಲ್ಲ.

ಕ್ಯಾನ್ಸರ್ ನಿದ್ದೆ ಕೆಡಿಸುತ್ತದೆ ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ. ನೋವು, ಆತಂಕ ಎಲ್ಲರಿಗೂ ಹೊಳೆಯುವ ಕಾರಣಗಳು. ಔಷಧಿಯ ಮೇಲೆ ಗುಮಾನಿ ಬರುವುದು ಕಡಿಮೆ. ಕೀಮೋ ಜೊತೆ ವಾಂತಿ ತಡೆಯಲೆಂದು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಡುವ ರೂಢಿಯಿದೆ. ನಮ್ಮದೇ ದೇಹದಲ್ಲಿ ಮುಂಜಾನೆ ಏರಿ ರಾತ್ರಿ ಇಳಿಯುವ ಕಾರ್ಟಿಸಾಲ್‌ನ ಬಳಗದ್ದು ಅದು. ಸಂಜೆ ನುಂಗಿದರೆ ದೇಹಕ್ಕೆ ಆಗಲೇ ಬೆಳಗಾದಂತೆ. ಬೆಳಿಗ್ಗೆಯೇ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ ನೋಡಬೇಕು. ಸ್ತನ ಕ್ಯಾನ್ಸರಿಗೆ ಕೊಡುವ ಟಾಮಾಕ್ಸಿಫೆನ್‌ನಿಂದ, ಮುಟ್ಟು ನಿಲ್ಲುವ ಕಾಲದಲ್ಲಾಗುವಂತೆ, ಮೈ ಬಿಸಿಯೇರಿ ಬೆವತು ನಡುರಾತ್ರಿ ಎಚ್ಚರವಾಗುವುದಿದೆ.

ಚಿಕಿತ್ಸೆ ಮುಗಿದರೂ ಕೆಲವರಿಗೆ ನಿದ್ದೆ ಮರಳುವುದಿಲ್ಲ. ನನಗೆ ತುಂಬ ಕುತೂಹಲ ಹುಟ್ಟಿಸುವ ಸಂಗತಿ ಇದು. ಸುಸ್ತಾದವರನ್ನು ಮನೆಯವರು ಪ್ರೀತಿಯಿಂದಲೇ "ಸ್ವಲ್ಪ ಮಲಕ್ಕೋ" ಎಂದು ಹಗಲೆಲ್ಲ ಹಾಸಿಗೆಗೆ ಅಟ್ಟುತ್ತಾರೆ. ಹಗಲಿನ ನಿದ್ದೆ ರಾತ್ರಿಯ ನಿದ್ದೆಯನ್ನು ತಿನ್ನುತ್ತದೆ. ರಾತ್ರಿಯೆಲ್ಲ ಹೊರಳಾಡುತ್ತ ಬಿದ್ದಿದ್ದರೆ, ಹಾಸಿಗೆಯೆಂದರೆ ಎಚ್ಚರವಾಗಿರುವ ಜಾಗವೆಂದು ಮಿದುಳು ಕಲಿತುಬಿಡುತ್ತದೆ.

ಈ ಪಾಠ ಮರೆಸಲೆಂದೇ ಒಂದು ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ ಇದೆ. ಮೊದಲಿಗೆ ಅದು ಕ್ರೂರವೆನ್ನಿಸೀತು. ಐದೂವರೆ ಗಂಟೆ ನಿದ್ದೆ ಬರುವವರನ್ನು ಒಂಬತ್ತು ಗಂಟೆ ಮಲಗಲು ಬಿಡುವುದಿಲ್ಲ, ಸುಮಾರು ಆರೇ ಗಂಟೆ. ನಿದ್ದೆ ಹತ್ತದಿದ್ದರೆ ಎದ್ದು ಆಚೆ ಹೋಗಬೇಕು. ಏಳುವ ಹೊತ್ತು ದಿನವೂ ಒಂದೇ. ನಿದ್ದೆ ಗಟ್ಟಿಯಾದ ಹಾಗೆ ಅವಧಿ ಹಿಗ್ಗಿಸುತ್ತಾರೆ. ತೀರಾ ನಿತ್ರಾಣರಾದವರು, ಮೂರ್ಛೆರೋಗವಿರುವವರು ತಾವೇ ಇದಕ್ಕೆ ಕೈಹಾಕಬಾರದು. ಅಮೆರಿಕದಲ್ಲಿ ಕ್ಯಾನ್ಸರಿನಿಂದ ಪಾರಾದ 160 ಜನರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಕ್ಯುಪಂಕ್ಚರ್‌ನಿಂದಲೂ ನಿದ್ದೆ ಸುಧಾರಿಸಿತು, ಆದರೆ ಈ ಥೆರಪಿಯಿಂದ ಇನ್ನೂ ಹೆಚ್ಚು.

ನಿದ್ದೆ ಮಾತ್ರೆ ಬೇಡವೇ ಬೇಡವೆಂದಲ್ಲ, ವೈದ್ಯರು ಹೇಳಿದರೆ ಕೆಲವು ದಿನಕ್ಕೆ ಆದೀತು. ನೋವಿಗೆ ಮಾರ್ಫಿನ್ ತೆಗೆದುಕೊಳ್ಳುವವರು ಪಕ್ಕದ ಮನೆಯವರ ಆಲ್ಪ್ರಜೋಲಾಮ್‌ನಂಥ ನಿದ್ದೆ ತರಿಸುವ ಮಾತ್ರೆ ಕೇಳಿ ನುಂಗುವುದು ಮಾತ್ರ ಸಲ್ಲ. ಎರಡೂ ಸೇರಿದರೆ ಉಸಿರಾಟವೇ ಕುಗ್ಗಬಹುದು.